ದೋಣಿ ಪಕ್ಷದ ಡಬ್ಬಿ ಹಿಡಿದು ಇಪ್ಪತ್ತೆರಡು ವರ್ಷ

ಮತದ ಡಬ್ಬಿಯನ್ನು ನನ್ನ ನಂತರ ಈ ಕೆಲಸ ಮಾಡುವ ಶ್ವೇತಾಳ ಕೈಗೆ ಒಪ್ಪಿಸಿ ಆಯಿತು. ಜೊತೆಗೆ ಸದಸ್ಯರ ಹೆಸರಿನ ಪುಸ್ತಕ, ನೀಲಿ ಶಾಯಿಯ ಮೊಹರು, ಡಬ್ಬಿ ಕಟ್ಟುವ ಗೋಣಿನೂಲಿನ ಉಂಡೆ. "ಇಷ್ಟೇ ಸಾಕಾಗುದಿಲ್ಲ ಲಿಲ್ಲಿಬಾಯಿ, ಕೆಲಸ ಹೇಗೆ ಅಂತ ಬರೆದು ಕೊಡಿ" ಅಂದಳು. ನಾನು ಮನೆಯಲ್ಲಿ ಅಡಿಗೆ ಮಾಡಿಕೊಂಡಿದ್ದವಳು. ಬರೆದದ್ದು ಅಂದರೆ ಅಂಗಡಿಯ ಪಟ್ಟಿ, ಊರಿಗೆ ಕಾಗದ, ಅಷ್ಟೇ. ಆದರೂ ಒಂದು ಕೆಲಸವನ್ನು ಇಪ್ಪತ್ತೆರಡು ವರ್ಷ ಮಾಡಿದವಳಿಗೆ ನಾಲ್ಕು ಮಾತು ಹೇಳಲಿಕ್ಕೆ ಇರುತ್ತದೆ.

ಹೊಸಬರಿಗೆ ಮೊದಲು ಕೆಲಸ ಯಾವುದು ಅಂತ ಹೇಳಬೇಕು. ಕುವೈತಿನಲ್ಲಿ ನಮ್ಮದು ಒಂದೇ ರಾಜ್ಯದವರ ಸಂಘ, ಕರ್ನಾಟಕದವರದ್ದು. ಆದರೆ ಅದರೊಳಗೆ ಎರಡು ಪಕ್ಷ. ಚೀಟಿಯ ಮೇಲೆ ಒಂದರ ಗುರುತು ದೋಣಿ, ಇನ್ನೊಂದರದ್ದು ಗಂಟೆ. ಊರಿನ ಯಾವ ಪಕ್ಷಕ್ಕೂ ಇದಕ್ಕೂ ಸಂಬಂಧ ಇಲ್ಲ. ಪರದೇಶದಲ್ಲಿ ಇಕಾಮಾ ಅನ್ನುವ ವಾಸದ ಪರವಾನಗಿಯ ಮೇಲೆ ಬದುಕುವವರಿಗೆ ಆ ಉಸಾಬರಿ ಬೇಡ. ದೋಣಿಯವರು ಜಾಸ್ತಿ, ಗಂಟೆಯವರು ಕಡಿಮೆ. ಹಾಗಾಗಿ ಎರಡು ಪಕ್ಷಗಳ ನಡುವಿನ ಕೊನೆಯ ಚುನಾವಣೆಯಲ್ಲಿ ದೋಣಿಯ ಅಭ್ಯರ್ಥಿಯೇ ಅಧ್ಯಕ್ಷ, ಅದು ಮೊದಲೇ ಗೊತ್ತು. ನಿಜವಾದ ಜಗಳ ಏನಿದ್ದರೂ ಅದಕ್ಕಿಂತ ಮುಂಚೆ: ದೋಣಿಯವರು ತಮ್ಮೊಳಗೆ ಅಭ್ಯರ್ಥಿಯನ್ನು ಆರಿಸುವ ದಿನ. ಅದಕ್ಕೆ ಒಳಮತ ಅಂತ ಹೆಸರು. ಆ ಒಳಮತದ ಡಬ್ಬಿ ಹಿಡಿಯುವುದು ನನ್ನ ಕೆಲಸವಾಗಿತ್ತು.

ಈ ಕೆಲಸ ನನಗೆ ಸಿಕ್ಕಿದ್ದು ಸದಾನಂದ ಶೆಟ್ರಿಂದ. ಅವರು ಹೋಟೆಲಿನಲ್ಲಿ ಮ್ಯಾನೇಜರ್ ಆಗಿದ್ದವರು, ಒಳಮತದ ಮೊದಲ ಅಧಿಕಾರಿ. ಒಂದು ಮಧ್ಯಾಹ್ನ ಮೈದಾನ್ ಹವಲ್ಲಿಯ ನಮ್ಮ ಮನೆಗೆ ಬಂದರು. ನನ್ನ ಗಂಡ ಗಿಲ್ಬರ್ಟ್ ಮೀನಾ ಅಲ್ ಅಹ್ಮದಿಯ ರಿಫೈನರಿಯಲ್ಲಿ ಡ್ಯೂಟಿಗೆ ಹೋಗಿದ್ದರು. ಶೆಟ್ರು ಬಾಗಿಲಲ್ಲೇ ನಿಂತು, "ಗಂಡಸರೆಲ್ಲ ಒಬ್ಬೊಬ್ಬರ ಕಡೆ ಸೇರಿಯಾಗಿದೆ. ನೀನು ಯಾರ ಕಡೆ ಲಿಲ್ಲಿ?" ಅಂತ ಕೇಳಿದರು.

"ನಾನು ಸದ್ಯಕ್ಕೆ ಬಂಗುಡೆ ಕಡೆ. ಒಲೆ ಮೇಲುಂಟು, ಕರಟಿ ಹೋಗ್ತದೆ" ಅಂದೆ.

"ಇಂಥವರೇ ಬೇಕು" ಅಂದು ಡಬ್ಬಿ ಕೊಟ್ಟು ಹೋದರು. ಬಂಗುಡೆ ಕರಟಲಿಲ್ಲ. ಅದೂ ದೇವರ ದಯೆ.

ಶೆಟ್ರು ಖಡಕ್ ಮನುಷ್ಯ. ಆರು ಗಂಟೆ ಹೊಡೆದರೆ "ಖಲಾಸ್" ಅಂತ ಕೂಗಿ ಡಬ್ಬಿಯ ಬಾಯಿಗೆ ಅಂಗೈ ಇಡುತ್ತಿದ್ದರು. ಸ್ವಂತ ತಮ್ಮ ಮೆಟ್ಟಿಲು ಇಳಿದು ಓಡಿ ಬರುವುದು ಕಂಡರೂ ಕೈ ತೆಗೆದವರಲ್ಲ. ಅವರು ನನಗೆ ಮೂರು ಮಾತು ಕಲಿಸಿದರು. ಡಬ್ಬಿ ಹಿಡಿದ ಕೈ ಮತ ಹಾಕಬಾರದು. ಡಬ್ಬಿ ಒಂಟಿಯಾಗಿ ಪ್ರಯಾಣ ಮಾಡಬಾರದು, ಇಬ್ಬರು ಅಭ್ಯರ್ಥಿಗಳ ಕಡೆಯಿಂದಲೂ ಒಬ್ಬೊಬ್ಬ ಏಜೆಂಟ್ ಕಾರಿನಲ್ಲಿ ಜೊತೆಗೆ ಕೂರಬೇಕು. ಹಾಳಾದ ಚೀಟಿಯನ್ನು ಯಾರಿಗೂ ತೋರಿಸಬಾರದು. "ಅಸಿಂಧು ಒಂದು ಅಂತ ಓದು, ಮಡಚಿ ಬದಿಗಿಡು. ಯಾರು, ಎಂತಕ್ಕೆ ಅಂತ ಹುಡುಕ್ಬೇಡ. ಅವರಿಗೂ ಏನೋ ಹೇಳಲಿಕ್ಕೆ ಇರ್ತದೆ" ಅನ್ನುತ್ತಿದ್ದರು. ಈ ಮೂರನ್ನೂ ನಾನು ಮೀರಲಿಲ್ಲ. ಇಪ್ಪತ್ತೆರಡು ವರ್ಷ ಎಲ್ಲರ ಮತ ಎಣಿಸಿದೆ, ನನ್ನದು ಒಂದೂ ಹಾಕಲಿಲ್ಲ.

ನಾನು ಸೇರುವ ಮೊದಲು ಕೈ ಎತ್ತುವ ಪದ್ಧತಿ ಇತ್ತಂತೆ. ಹೆಂಡತಿಯರು ಗಂಡನ ಕೈ ನೋಡಿ ಕೈ ಎತ್ತುವುದು, ಗಂಡಂದಿರು ಕಂಪೆನಿಯ ದೊಡ್ಡವರ ಕೈ ನೋಡಿ ಎತ್ತುವುದು. ಒಬ್ಬರು ತಲೆ ತುರಿಸಿದ್ದನ್ನು ಮತ ಅಂತ ಎಣಿಸಿ ದೊಡ್ಡ ಗಲಾಟೆ ಆದ ಮೇಲೆ ಶೆಟ್ರು ಚೀಟಿ ತಂದರು. ಹಾಲಿನಪುಡಿಯ ಖಾಲಿ ಡಬ್ಬಿ, ಮುಚ್ಚಳಕ್ಕೆ ಚೂರಿಯಲ್ಲಿ ಕೊರೆದ ಸೀಳು. ಶುಕ್ರವಾರ ನಮ್ಮ ಇಗರ್ಜಿಯ ಪೂಜೆ, ಬ್ಯಾರಿಗಳ ಮಸೀದಿಯ ಜುಮ್ಮಾ ಎರಡೂ ಮುಗಿದ ಮೇಲೆ, ನಮ್ಮ ಬಿಲ್ಡಿಂಗಿನ ಕೆಳಗಿನ ಸಭೆಯ ಹಾಲಿನಲ್ಲಿ ಮತ. ಕುರ್ಚಿ ಹಾಕುವುದು, ಮಡಚುವುದು ಗಿಲ್ಬರ್ಟ್. ಯಾರೂ ಹೇಳಿದ್ದಲ್ಲ, ಕುವೈತಿಗೆ ಬಂದ ಮೊದಲ ವರ್ಷ ಸಂಘದ ಸಭೆಗೆ ಹಾಕಿದರು, ಆಮೇಲೆ ಅದು ಅವರದ್ದೇ ಆಯಿತು.

ಹಾಲಿಗೆ ಬರಲಾಗದವರು ಸುಲೈಬಿಯಾದವರು. ಅಲ್ಲಿ ಗೋದಾಮುಗಳಲ್ಲಿ ದುಡಿಯುವ ನಮ್ಮ ಊರಿನ ಗಂಡಸರು ಕ್ಯಾಂಪಿನಲ್ಲಿ ಇರುತ್ತಾರೆ. ಶುಕ್ರವಾರವೂ ಶಿಫ್ಟ್, ಬಸ್ಸು ಹಿಡಿದು ಬಂದು ಹೋಗಲಿಕ್ಕೆ ಪುರುಸೊತ್ತಿಲ್ಲ. ಅವರು ಬರಲಾಗದಿದ್ದರೆ ಡಬ್ಬಿಯೇ ಹೋಗಲಿ ಅಂತ ಶೆಟ್ರು ಮಾಡಿದರು. ಹಾಗೆ ನಾನು ಎರಡು ಕಡೆಯ ಏಜೆಂಟರ ನಡುವೆ ಕಾರಿನಲ್ಲಿ ಕೂತು ಸುಲೈಬಿಯಾಕ್ಕೆ ಹೋಗುವುದು ಶುರುವಾಯಿತು. ದಾರಿಯುದ್ದಕ್ಕೂ ಇಬ್ಬರೂ ಕಿಟಕಿಯ ಹೊರಗೆ ನೋಡುತ್ತಾರೆ. ಮಾತಾಡಿದರೆ ಸೋತಂತೆ. ನಾನು ಜಪಸರ ತೆಗೆದು ಕೂರುತ್ತಿದ್ದೆ. ನೀವು ಯಾವ ದೇವರನ್ನು ನಂಬುತ್ತೀರೋ ಗೊತ್ತಿಲ್ಲ, ಆದರೆ ಆ ಕಾರಿಗೆ ಏನಾದರೂ ಜಪ ಇಟ್ಟುಕೊಳ್ಳಿ.

ನನ್ನ ಮೊದಲ ದೊಡ್ಡ ತಪ್ಪು ಅಲ್ಲಿಯೇ ಆದದ್ದು. ಮೂರನೇ ವರ್ಷ ಇರಬೇಕು. ಕ್ಯಾಂಪಿನ ಮೇಜಿನ ಮೇಲೆ ಡಬ್ಬಿ ಇಟ್ಟೆ, ಗಂಡಸರು ಸಾಲು ನಿಂತರು. ಏಜೆಂಟರು, "ಖಾಲಿ ಉಂಟಾ ತೋರಿಸಿ" ಅಂದರು. ನಿಯಮದ ಪ್ರಕಾರ ಮುಚ್ಚಳ ತೆಗೆದರೆ ಒಳಗೆ ಭರ್ತಿ ಚಕ್ಕುಲಿ. ನಮ್ಮ ಮನೆಯಲ್ಲಿ ಹಾಲಿನಪುಡಿಯ ಡಬ್ಬಿಗಳಿಗೆ ಬರವಿಲ್ಲ. ಅವಸರದಲ್ಲಿ ಅಡಿಗೆಮನೆಯ ಡಬ್ಬಿ ಎತ್ತಿ ತಂದಿದ್ದೆ, ಮತದ ಡಬ್ಬಿ ಸಕ್ಕರೆಯ ಪಕ್ಕ ಕೂತಿತ್ತು.

ನನಗೆ ನೆಲ ಬಿರಿದು ಒಳಗೆ ಹೋದರೆ ಸಾಕು ಅನ್ನಿಸಿತು. ಆಗ ಸಾಲಿನ ಮೊದಲಲ್ಲಿ ನಿಂತಿದ್ದ ಬಾಬಣ್ಣ, "ಬಾಯಿ, ಇದು ಯಾರ ಪರ ಪ್ರಚಾರ? ಹೇಳಿ, ಅವರಿಗೇ ಹಾಕ್ತೇನೆ" ಅಂದ. ಬಾಬಣ್ಣ ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುವವನು, ತುಳುವ, ಬಾಯಿ ಜೋರು, ಮನಸ್ಸು ಬೆಣ್ಣೆ. ಏಜೆಂಟರು ಮತದ ಡಬ್ಬಿ ತರಲು ಮೈದಾನ್ ಹವಲ್ಲಿಗೆ ವಾಪಸು ಹೋದರು, ಇಬ್ಬರೂ ಒಟ್ಟಿಗೆ. ಅವರು ಬರುವಷ್ಟರಲ್ಲಿ ಚಕ್ಕುಲಿ ಮುಗಿದಿತ್ತು. ಬೈಯುತ್ತಾರೆ ಅಂತ ಹೆದರುತ್ತಲೇ ಶೆಟ್ರಿಗೆ ಹೇಳಿದೆ. ಅವರು, "ನನಗೆ ಒಂದೂ ಉಳಿಸಲಿಲ್ವಾ?" ಅಂದರು. ಮರುವರ್ಷದಿಂದ ಸುಲೈಬಿಯಾಕ್ಕೆ ಎರಡು ಡಬ್ಬಿ ಹೋಗುವುದು ವಾಡಿಕೆಯಾಯಿತು. ಒಂದು ಮತಕ್ಕೆ, ಒಂದು ಚಕ್ಕುಲಿಗೆ.

ಇನ್ನೊಂದು ತಪ್ಪು ಆದದ್ದು ಫೋನಿನ ವರ್ಷ. ಶೆಟ್ರು ಊರಿಗೆ ಹೋಗಿಯಾಗಿತ್ತು. ಹೊಸ ಸಮಿತಿಯವರು, "ಈ ಡಬ್ಬಿ, ನೂಲು ಎಲ್ಲ ಎಂತಕ್ಕೆ ಆಂಟಿ? ವಾಟ್ಸ್ಯಾಪ್‌ನಲ್ಲಿ ಪೋಲ್ ಹಾಕಿದ್ರೆ ಐದು ನಿಮಿಷ" ಅಂದರು. ನಾನು ಬೇಡ ಅನ್ನಲಿಲ್ಲ. ಮೊಣಕಾಲು ನೋವು ಬೇರೆ ಇತ್ತು. ಗ್ರೂಪಿನಲ್ಲಿ ಪೋಲ್ ಹಾಕಿದರು. ಎಣಿಸಿದರೆ ಸದಸ್ಯರಿಗಿಂತ ಮತ ಜಾಸ್ತಿ. ಹೆಸರು ಹೆಸರು ನೋಡಿದರೆ, ಕುವೈತ್ ಬಿಟ್ಟು ಎಷ್ಟೋ ವರ್ಷವಾದವರು ಊರಿನಿಂದ, ಕೆನಡಾದಿಂದ ಒತ್ತಿದ್ದಾರೆ. ಗ್ರೂಪಿನಿಂದ ಯಾರನ್ನೂ ತೆಗೆಯುವುದು ನಮ್ಮವರಿಗೆ ಮರ್ಯಾದೆ ಅಲ್ಲ. ಒಬ್ಬ ಅಭ್ಯರ್ಥಿಗೆ ಶೆಟ್ರ ಮತವೂ ಬಿದ್ದಿತ್ತು. ಫೋನ್ ಮಾಡಿ, "ನೀವೇ ಹೀಗೆ ಮಾಡಿದರೆ ಹೇಗೆ ಶೆಟ್ರೇ?" ಅಂದೆ. "ನಾನಲ್ಲ ಮಾರಾಯ್ತಿ, ಫೋನ್ ಮೊಮ್ಮಗಳ ಕೈಯಲ್ಲಿತ್ತು. ಅವಳಿಗೆ ಆ ಹಸಿರು ಬಣ್ಣ ಇಷ್ಟವಾಯ್ತಂತೆ" ಅಂದರು. ಮುಂದಿನ ವಾರ ಡಬ್ಬಿ ಮತ್ತೆ ಮೇಜಿನ ಮೇಲೆ ಬಂತು. ಮೊಣಕಾಲು ಕೂಡ ಅಷ್ಟರಲ್ಲಿ ಸುಧಾರಿಸಿತ್ತು. ದೇವರಿಗೆ ಸ್ತೋತ್ರ.

ಇನ್ನು ಹೋದ ವರ್ಷದ ಕಥೆ. ಬರೆಯಲು ಕೂತದ್ದೇ ಇದಕ್ಕಾಗಿ.

ಗಿಲ್ಬರ್ಟಿಗೆ ನಿವೃತ್ತಿಗೆ ಒಂದು ವರ್ಷ ಉಳಿದಿತ್ತು, ಆಮೇಲೆ ನಾವು ಈ ದೇಶ ಬಿಟ್ಟು ಹೋಗಬೇಕು. ಒಂದು ದಿನ ಊಟದ ಹೊತ್ತಿಗೆ ಅವರು ತಟ್ಟೆ ನೋಡಿಕೊಂಡು, "ಈ ಸಲ ಒಳಮತಕ್ಕೆ ನಾನು ನಿಲ್ಲಲಾ?" ಅಂದರು. ಮೂವತ್ತು ವರ್ಷ ಇನ್ನೊಬ್ಬರಿಗೆ ಕುರ್ಚಿ ಹಾಕಿದ ಮನುಷ್ಯ. ಅಷ್ಟು ವರ್ಷದಲ್ಲಿ ನನ್ನ ಹತ್ತಿರ ಅವರು ತಮಗಾಗಿ ಕೇಳಿದ್ದು ಬಹಳ ಕಡಿಮೆ. ನನ್ನ ಕಣ್ಣು ತುಂಬಿತು. "ನಿಲ್ಲಿ" ಅಂದೆ.

ಎದುರಿಗೆ ನಿಂತವನು ಬಾಬಣ್ಣ. ಕ್ಯಾಂಪಿನಿಂದ ಅಭ್ಯರ್ಥಿ ಆಗಿದ್ದು ಅದೇ ಮೊದಲು. ತಿಂಗಳಿಗೊಂದು ಸಭೆ ಸುಲೈಬಿಯಾದಲ್ಲಿ ಆಗಬೇಕು ಅನ್ನುವುದು ಅವನ ಒಂದೇ ಮಾತು. ಅಲ್ಲಿ ಯಾರಾದರೂ ಕಾಯಿಲೆ ಬಿದ್ದರೆ ಸಂಘಕ್ಕೆ ತಿಳಿಯುವಾಗ ವಾಸಿಯಾಗಿರುತ್ತದೆ ಅಥವಾ ಮುಗಿದಿರುತ್ತದೆ ಅಂತ ಅವನ ದೂರು. ಅದು ಸುಳ್ಳಲ್ಲ.

ನಾನು ಡಬ್ಬಿ ಬಿಡುತ್ತೇನೆ, ಗಂಡನೇ ಅಭ್ಯರ್ಥಿ ಅಂದೆ. ಮೊದಲು ಬೇಡ ಅಂದವನು ಬಾಬಣ್ಣನ ಏಜೆಂಟ್ ಹಮೀದ್, ಹವಲ್ಲಿಯಲ್ಲಿ ಮೊಬೈಲ್ ಅಂಗಡಿ ಇಟ್ಟವನು. "ಬೇರೆಯವರು ಹಿಡಿದರೆ ನಾನು ಅವರ ಮೇಲೆ ಕಣ್ಣಿಡಬೇಕು. ಲಿಲ್ಲಿಬಾಯಿ ಹಿಡಿದರೆ ಕಾರಲ್ಲಿ ಒಂದು ನಿದ್ದೆ ತೆಗೀಬಹುದು" ಅಂದ. ಹಾಗೆ ಡಬ್ಬಿ ನನ್ನ ಕೈಯಲ್ಲೇ ಉಳಿಯಿತು.

ಶುಕ್ರವಾರ ಸುಲೈಬಿಯಾಕ್ಕೆ ಹೋದೆವು: ನಾನು, ಹಮೀದ್, ಗಿಲ್ಬರ್ಟಿನ ಏಜೆಂಟ್ ವಲೇರಿಯನ್. ಚಕ್ಕುಲಿ ಡಬ್ಬಿ ಇಡುವ ಸ್ಟೂಲು ಮುರಿದಿತ್ತು, ಎರಡೂ ಡಬ್ಬಿಯನ್ನು ಒಂದೇ ಮೇಜಿನ ಮೇಲೆ ಇಟ್ಟೆ. ಮೊಹರು ಹೊಡೆದು ನಲವತ್ತೊಂದು ಚೀಟಿ ಕೊಟ್ಟೆ. ಖಾಲಿಯಾದ ಚಕ್ಕುಲಿ ಡಬ್ಬಿ ಡಿಕ್ಕಿಗೆ ಹೋಯಿತು, ಮತದ ಡಬ್ಬಿ ನನ್ನ ಮಡಿಲಿಗೆ. ಹಮೀದ್ ಹೇಳಿದ ಹಾಗೆಯೇ ನಿದ್ದೆ ಮಾಡಿದ. ಅವತ್ತು ವಲೇರಿಯನ್ ಕಾರು ಓಡಿಸಿದ್ದು ಪುಣ್ಯ.

ಹಾಲಿನಲ್ಲಿ ಎಲ್ಲರ ಮುಂದೆ ಎಣಿಸಿದೆ. ಸುಲೈಬಿಯಾದ ಡಬ್ಬಿಯಲ್ಲಿ ಮೂವತ್ತೇಳು ಚೀಟಿ. ನಾಲ್ಕು ಕಡಿಮೆ. ಇದು ಪ್ರತಿ ವರ್ಷ ಆಗುವುದೇ. ಇಬ್ಬರು ಮೂವರು ಚೀಟಿಯನ್ನು ಜೇಬಿಗೆ ಹಾಕಿ ಟೀಗೆ ಹೋಗಿಬಿಡುತ್ತಾರೆ. ಜೇಬಿಗೆ ಹೋಗಿರಬೇಕು ಅಂದುಕೊಂಡೆ. ಹೊಸಬರೇ, ಇಲ್ಲಿ ಒಂದು ಗೆರೆ ಎಳೆದುಕೊಳ್ಳಿ. ಇರಬೇಕು ಅಂದುಕೊಳ್ಳುವುದು ನಮ್ಮ ಕೆಲಸ ಅಲ್ಲ.

ಒಟ್ಟು ಗಿಲ್ಬರ್ಟಿಗೆ ಎಪ್ಪತ್ತನಾಲ್ಕು, ಬಾಬಣ್ಣನಿಗೆ ಎಪ್ಪತ್ತೆರಡು. ಓದಿದೆ. ಚಪ್ಪಾಳೆ ಬಿತ್ತು. ಅವತ್ತು ರಜೆ ಹಾಕಿ ಬಂದಿದ್ದ ಬಾಬಣ್ಣನೇ ಗಿಲ್ಬರ್ಟಿನ ಕೈ ಹಿಡಿದು ಮುಂದೆ ಕರೆದುಕೊಂಡು ಹೋಗಿ ಕುರ್ಚಿಯಲ್ಲಿ ಕೂರಿಸಿದ. ಮೂವತ್ತು ವರ್ಷದಲ್ಲಿ ಆ ಹಾಲಿನಲ್ಲಿ ಅವರು ಕುರ್ಚಿಯಲ್ಲಿ ಕೂತದ್ದು ನಾನು ನೋಡಿದ್ದು ಅದೇ ಮೊದಲು. ಕೈ ಎಲ್ಲಿಡಬೇಕು ಅಂತ ಗೊತ್ತಾಗದೆ ಮೊಣಕಾಲ ಮೇಲೆ ಇಟ್ಟುಕೊಂಡಿದ್ದರು.

ಎಲ್ಲರಿಗೂ ಟೀ ಮಾಡಲು ನಾನು ಡಿಕ್ಕಿಯಿಂದ ಚಕ್ಕುಲಿ ಡಬ್ಬಿ ಎತ್ತಿಕೊಂಡು ಲಿಫ್ಟಿನಲ್ಲಿ ಮೇಲೆ ಮನೆಗೆ ಬಂದೆ. ನೀರು ಕುದಿಯುವಷ್ಟರಲ್ಲಿ ಚಕ್ಕುಲಿ ಡಬ್ಬಿ ತೊಳೆಯೋಣ ಅಂತ, ಅಡಿಯಲ್ಲಿ ಹಾಸಿದ್ದ ಪೇಪರ್ ಎಳೆದೆ. ಪುಡಿಯ ಜೊತೆಗೆ ನಾಲ್ಕು ಮಡಚಿದ ಚೀಟಿ ಸಿಂಕಿಗೆ ಬಿದ್ದವು. ನಾಲ್ಕರ ಮೇಲೂ ನನ್ನ ನೀಲಿ ಮೊಹರು.

ಬಿಡಿಸಿ ನೋಡಲಿಲ್ಲ. ನೋಡುವ ಅಗತ್ಯವೂ ಇರಲಿಲ್ಲ, ಸುಲೈಬಿಯಾದ ಮತ ಯಾರಿಗೆ ಅಂತ ಗೊತ್ತಿಲ್ಲದವರು ಯಾರು? ಎರಡೇ ಮತದ ಗೆಲುವು, ನಾಲ್ಕು ಚೀಟಿ. ಸುಳ್ಳು ಹೇಳುವುದಿಲ್ಲ, ಕಸದ ಬುಟ್ಟಿ ಕಾಲಿನ ಹತ್ತಿರವೇ ಇತ್ತು. ನಲ್ಲಿಯೂ ತೆರೆದೇ ಇತ್ತು. ಒಂದು ನಮೋ ಮರಿಯಾ ಪ್ರಾರ್ಥನೆ ಹೇಳಿದೆ, ಅರ್ಧದಲ್ಲಿ ಮರೆತು ಮತ್ತೆ ಮೊದಲಿನಿಂದ ಹೇಳಿದೆ. ಕುರ್ಚಿಯಲ್ಲಿ ಕೂತಿದ್ದ ಗಿಲ್ಬರ್ಟಿನ ಕೈಗಳೇ ಕಣ್ಣ ಮುಂದೆ. ಆಮೇಲೆ ಗ್ಯಾಸ್ ಆರಿಸಿ, ಚೀಟಿಗಳನ್ನು ಅದೇ ಡಬ್ಬಿಗೆ ಹಾಕಿ, ಕೆಳಗೆ ಹೋದೆ.

ನಾನು ಡಬ್ಬಿ ಹಿಡಿದು ಬಂದದ್ದು ನೋಡಿ ಯಾರೋ, "ಟೀಗಿಂತ ಮೊದಲು ಚಕ್ಕುಲಿ ಬಂತು" ಅಂದರು. ಹಾಲಿನಲ್ಲಿದ್ದವರೆಲ್ಲ ನಕ್ಕರು. ನಾನು ಮೇಜಿನ ಮೇಲೆ ಡಬ್ಬಿ ಇಟ್ಟು, ಇದ್ದದ್ದು ಇದ್ದ ಹಾಗೆ ಹೇಳಿದೆ. ನಗು ನಿಂತಿತು.

ವಲೇರಿಯನ್ ಎದ್ದ. "ಖಲಾಸ್ ಅಂದರೆ ಖಲಾಸ್. ಫಲಿತಾಂಶ ಓದಿಯಾಗಿದೆ. ಡಬ್ಬಿ ಒಂಟಿಯಾಗಿ ಬರಬಾರದು ಅಂತ ನಿಮ್ಮದೇ ನಿಯಮ, ಬಾಯಿ. ಅದು ಡಿಕ್ಕಿಯಲ್ಲಿ ಬಂದದ್ದು."

"ಡಿಕ್ಕಿಯಲ್ಲಿ ಇದ್ದಾಗ ನಾವು ಮೂವರೂ ಕಾರಲ್ಲಿದ್ದೆವು" ಅಂದೆ. "ಆಮೇಲೆ ನನ್ನ ಅಡಿಗೆಮನೆಯಲ್ಲಿ ಒಂಟಿಯಾಗಿ ಇತ್ತು. ಅದು ನಿಜ. ಬೇಡ ಅನ್ನುವ ಹಕ್ಕು ನಿಮಗೆ ಉಂಟು."

ಹಮೀದ್ ಗಡ್ಡ ಕೆರೆದುಕೊಂಡ. "ಅಲ್ಲ ವಲೇರಿಯನ್ ಭಾಯಿ, ಒಂಟಿಯಾಗಿದ್ದದ್ದು ನಿಮ್ಮ ಅಭ್ಯರ್ಥಿಯ ಮನೆಯಲ್ಲಿ, ಅವರ ಹೆಂಡತಿ ಹತ್ತಿರ. ಸಂಶಯ ಪಡಬೇಕಾದದ್ದು ನಾನು. ನನಗೇ ಇಲ್ಲ, ನಿಮಗೆ ಎಂತಕ್ಕೆ?"

ವಲೇರಿಯನ್ ಬಾಯಿ ತೆರೆಯುವ ಮೊದಲು ಗಿಲ್ಬರ್ಟ್ ಕುರ್ಚಿಯಿಂದ ಎದ್ದರು. "ಬಿಡಿಸು ಲಿಲ್ಲಿ" ಅಂದರು, ಮನೆಯಲ್ಲಿ ಪಾರ್ಸೆಲ್ ಬಂದರೆ ಹೇಳುವ ಹಾಗೆ.

ಎಣ್ಣೆ ಹತ್ತಿದ ಚೀಟಿ, ಅಂಟಿಕೊಂಡಿದ್ದವು. ಬಾಬಣ್ಣ. ಬಾಬಣ್ಣ. ಮೂರನೆಯದರಲ್ಲಿ ಇಬ್ಬರ ಹೆಸರಿನ ಎದುರೂ ಗುರುತು. "ಅಸಿಂಧು ಒಂದು" ಅಂತ ಓದಿ ಮಡಚಿ ಬದಿಗಿಟ್ಟೆ. ಈಗ ಎಪ್ಪತ್ತನಾಲ್ಕು, ಎಪ್ಪತ್ತನಾಲ್ಕು. ನಾಲ್ಕನೆಯದು ಬಾಬಣ್ಣ.

ಬಾಬಣ್ಣ ಖುಷಿ ಪಡಲಿಲ್ಲ. ಕಳ್ಳತನ ಮಾಡಿ ಸಿಕ್ಕಿಬಿದ್ದವನ ಹಾಗೆ ನಿಂತಿದ್ದ. "ಗಿಲ್ಬರ್ಟಣ್ಣ, ಇದು ಬೇಡ ಮಾರಾಯ್ರೆ, ನೀವು ಕೂತಾಗಿತ್ತಲ್ಲ" ಅಂದ.

"ಕೂತು ನೋಡಿದೆ" ಅಂದರು ಗಿಲ್ಬರ್ಟ್. "ಆ ಕುರ್ಚಿಯ ಒಂದು ಕಾಲು ಅಲುಗಾಡ್ತದೆ. ಇಷ್ಟು ವರ್ಷ ಹಾಕಿದವನಿಗೆ ಗೊತ್ತೇ ಇರಲಿಲ್ಲ. ನೀನು ಜಾಗ್ರತೆ."

ಅವರು ನಗಿಸಿದರು, ಜನ ನಕ್ಕರು. ಮನೆಗೆ ಬಂದ ಮೇಲೆ ಶೂ ಕೂಡ ಬಿಚ್ಚದೆ ಸೋಫಾದಲ್ಲಿ ಕೂತರು. ನಾನು ಅನ್ನಕ್ಕೆ ಇಟ್ಟೆ. ಬೇರೆ ಏನು ಮಾಡಲಿ? ಕೊನೆಗೆ ಅಡಿಗೆಮನೆಯ ಬಾಗಿಲಿಗೆ ಬಂದು ಒರಗಿ ನಿಂತರು.

"ಒಂದು ಮತದಲ್ಲಿ ಸೋತೆ ಲಿಲ್ಲಿ."

"ಗೊತ್ತು."

"ಆ ಒಂದು ಮತ ನನ್ನ ಮನೆಯಲ್ಲೇ ಅನ್ನ ಬೇಯಿಸ್ತಾ ಉಂಟು."

ನಾನು ತಿರುಗಿ ನೋಡಲಿಲ್ಲ, ನೋಡಿದ್ದರೆ ಅತ್ತುಬಿಡುತ್ತಿದ್ದೆ. ನಾನು ಹಾಕಿದ್ದರೆ ಸಮ ಆಗುತ್ತಿತ್ತು. "ಡಬ್ಬಿ ಹಿಡಿದ ಕೈ" ಅಂತ ಶುರು ಮಾಡಿದೆ. "ಮತ ಹಾಕಬಾರದು" ಅಂತ ಅವರೇ ಮುಗಿಸಿದರು. ಆಮೇಲೆ ಪಾತ್ರೆಯ ಮುಚ್ಚಳ ತೆಗೆದು, "ಸಾರಿಗೆ ಎಂತ?" ಅಂದರು. ಮನೆಗೆ ಬಂದ ಸೋಲು ಊಟ ಕೇಳಿತು. ನಾನು ಎಣಿಸಿದ ದಯೆಗಳಲ್ಲಿ ಅದಕ್ಕೆ ದೊಡ್ಡ ಜಾಗ.

ಚೀಟಿ ಅಲ್ಲಿಗೆ ಹೇಗೆ ಹೋಯಿತು ಅಂತ ಆಮೇಲೆ ತಿಳಿಯಿತು. ಆ ವಾರವಷ್ಟೇ ಕ್ಯಾಂಪಿಗೆ ಬಂದ ನಾಲ್ವರು ಹಾಕಿದ್ದು. ಒಬ್ಬನನ್ನು ಕೇಳಿದೆ. "ಇಬ್ಬರು ನಿಂತಿದ್ದರಲ್ಲ ಬಾಯಿ, ನಮ್ಮ ಸರದಿ ಬರುವಾಗ ಚಕ್ಕುಲಿ ಮುಗಿದು ಮೇಜಿನ ಮೇಲೆ ಬರೀ ಎರಡು ಡಬ್ಬಿ ಇತ್ತು. ಒಬ್ಬೊಬ್ಬರಿಗೆ ಒಂದೊಂದು ಅಂತ ಎಣಿಸಿದೆವು. ಚಕ್ಕುಲಿಯ ವಾಸನೆ ಬಂದದ್ದು ಬಾಬಣ್ಣಂದೇ ಇರಬೇಕು ಅಂತ" ಅಂದ. ಅವರದ್ದು ಏನೂ ತಪ್ಪಿಲ್ಲ. ಶ್ವೇತಾ, ಚಕ್ಕುಲಿಯನ್ನು ಇನ್ನು ಮೇಲೆ ತಟ್ಟೆಯಲ್ಲಿ ಕೊಡು.

ಬಾಬಣ್ಣನ ವರ್ಷ ಚೆನ್ನಾಗಿಯೇ ಹೋಯಿತು. ತಿಂಗಳಿಗೊಂದು ಸಭೆ ಸುಲೈಬಿಯಾದಲ್ಲಿ ಆಯಿತು. ಅಲ್ಲಿ ಒಬ್ಬರು ಎದೆನೋವನ್ನು ಗ್ಯಾಸ್ ಅಂತ ಮುಚ್ಚಿಟ್ಟಿದ್ದರು. ಸಭೆಗೆ ಬಂದಿದ್ದ ನಮ್ಮ ನರ್ಸ್ ಒಬ್ಬಳು ಮುಖ ನೋಡಿಯೇ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಆ ಮನುಷ್ಯ ಈಗ ಊರಿನಲ್ಲಿ ಮೊಮ್ಮಕ್ಕಳನ್ನು ಆಡಿಸುತ್ತಿದ್ದಾರೆ. ಆ ಸಭೆಗೂ ಕುರ್ಚಿ ಕಾರಿನ ಮೇಲೆ ಕಟ್ಟಿಕೊಂಡು ಹೋದವರು ಗಿಲ್ಬರ್ಟೇ. ಬಂದು, "ಲಿಲ್ಲಿ, ನಿನ್ನ ನಾಲ್ಕು ಚೀಟಿ ಒಬ್ಬನನ್ನು ಉಳಿಸಿತು" ಅಂದರು. ಉಳಿಸಿದ್ದು ದೇವರು. ಆದರೂ ಅವರು ಹೇಳಿದ್ದು ಕೇಳಲಿಕ್ಕೆ ಹಿತವಾಗಿತ್ತು.

ಹೋದ ಶುಕ್ರವಾರ ಈ ವರ್ಷದ ಒಳಮತ. ಶ್ವೇತಾಳದ್ದು ಮೊದಲ ಸಲ. ನಮ್ಮ ಟಿಕೆಟ್ ಬಂದಾಗಿದೆ, ಮನೆಯ ತುಂಬ ರಟ್ಟಿನ ಪೆಟ್ಟಿಗೆಗಳು. ನಾನು ಸಾಲಿನಲ್ಲಿ ನಿಂತೆ. "ಲಿಲ್ಲಿಬಾಯಿ, ನಿಮ್ಮ ಹೆಸರಿನ ಎದುರು ಒಂದೂ ಟಿಕ್ ಇಲ್ಲ, ಇಡೀ ಪುಸ್ತಕದಲ್ಲಿ" ಅಂತ ಶ್ವೇತಾ ಚೀಟಿ ಕೊಟ್ಟಳು. ಪರದೆಯ ಹಿಂದೆ ಹೋದೆ. ಚೀಟಿಯಲ್ಲಿ ಇಬ್ಬರ ಹೆಸರು, ಇಬ್ಬರೂ ಒಳ್ಳೆಯವರು. ಇಬ್ಬರೂ ನನ್ನನ್ನು ಕ್ಷಮಿಸಬೇಕು. ಅವರ ಕೆಳಗೆ ನಾನು ನನ್ನ ಅಕ್ಷರದಲ್ಲಿ ಗಿಲ್ಬರ್ಟ್ ಅಂತ ಬರೆದು, ಎದುರಿಗೆ ಗುರುತು ಹಾಕಿದೆ. ಇಂಥ ಚೀಟಿಗಳನ್ನು ಎಷ್ಟು ಬದಿಗಿಟ್ಟಿದ್ದೇನೋ ಲೆಕ್ಕವಿಲ್ಲ.

ಸಂಜೆ ಎಣಿಕೆ. ಶ್ವೇತಾ ಒಂದೊಂದಾಗಿ ಬಿಡಿಸಿ ಓದುತ್ತಿದ್ದಳು. ಒಂದು ಚೀಟಿ ಬಿಡಿಸಿದವಳು ಸ್ವಲ್ಪ ತಡೆದಳು. ನನ್ನ ಅಕ್ಷರ ಅವಳಿಗೆ ಗೊತ್ತು, ಪುಸ್ತಕದ ತುಂಬ ಅದೇ. ತಲೆ ಎತ್ತಲಿಲ್ಲ, ನನ್ನ ಕಡೆ ನೋಡಲಿಲ್ಲ.

"ಅಸಿಂಧು ಒಂದು" ಅಂತ ಓದಿ, ಮಡಚಿ ಬದಿಗಿಟ್ಟಳು.

ಸರಿಯಾಗಿ ಕಲಿತಿದ್ದಾಳೆ. ಹಾಲಿನ ಹಿಂದೆ ಗಿಲ್ಬರ್ಟ್ ಆಗಲೇ ಕುರ್ಚಿ ಮಡಚಲು ಶುರು ಮಾಡಿದ್ದರು. ಅವರಿಗೆ ಇದು ಗೊತ್ತಾಗುವುದು ಈ ಬರಹ ಓದಿದ ಮೇಲೆಯೇ.